ಬನಿಯನ್ ಬಟ್ಟೆಗೆ ಹೆದರಬೇಡಿ: ಪಿಡಿಎಫ್ ಪ್ಯಾಟರ್ನ್‌ನಿಂದ ನಿಟ್ ಟಾಪ್ ಹೊಲಿಯುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಹೊಲಿಗೆ ಕಲಿತವರ ಕೈ ಮೊದಲು ಪಳಗುವುದು ಬ್ಲೌಸ್‌ನಲ್ಲಿ. ಶಿರಸಿಯಲ್ಲಿ ನಾನು ಕ್ಲಾಸಿಗೆ ಹೋಗುತ್ತಿದ್ದಾಗ ಕಲಿತದ್ದೂ ಅಷ್ಟೇ: ಬ್ಲೌಸ್, ಚೂಡಿದಾರ್, ಮಕ್ಕಳ ಫ್ರಾಕ್. ಎಲ್ಲವೂ ಹಾಸುಹೊಕ್ಕಿನ ಬಟ್ಟೆ. ಇಟ್ಟ ಕಡೆ ಇರುತ್ತದೆ, ಚಾಕ್ ಗೆರೆ ಬಿದ್ದಲ್ಲಿ ಕತ್ತರಿ ಓಡುತ್ತದೆ. ಕಾರವಾರಕ್ಕೆ ಬಂದ ಮೇಲೆ ಇಲ್ಲಿನ ಸೆಕೆಗೆ ದಿನಾ ಬೇಕೆನಿಸಿದ್ದು ಮೆತ್ತಗಿನ ಟೀ ಶರ್ಟ್ ಬಟ್ಟೆಯ ಟಾಪ್. ಆದರೆ ಆ ಬಟ್ಟೆ ಎಳೆದತ್ತ ಹೋಗುತ್ತದೆ, ಅಂಚು ಸುರುಳಿ ಸುತ್ತುತ್ತದೆ, ಹೊಲಿದರೆ ಅಲೆ ಅಲೆಯಾಗುತ್ತದೆ. ಅದಕ್ಕೇ ತುಂಬಾ ಜನ ಇದರ ತಂಟೆಗೇ ಹೋಗುವುದಿಲ್ಲ.

ಒಂದು ವಿಷಯ ತಲೆಯಲ್ಲಿ ಕೂತರೆ ಸಾಕು. ಹಾಸುಹೊಕ್ಕಿನ ಬಟ್ಟೆಯಲ್ಲಿ ಟಾಪ್‌ನ ಅಳತೆ ಟೇಪಿನಲ್ಲಿರುತ್ತದೆ. ನಿಟ್‌ನಲ್ಲಿ, ಅಂದರೆ ಈ ಟೀ ಶರ್ಟ್ ಬಟ್ಟೆಯಲ್ಲಿ, ಅರ್ಧ ಅಳತೆ ಬಟ್ಟೆಯ ಎಳೆತದಲ್ಲಿರುತ್ತದೆ. ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದ ಬಟ್ಟೆ ಇದು. ಕುಣಿಕೆ ಎಷ್ಟು ಹಿಗ್ಗುತ್ತದೆ, ಎಷ್ಟು ವಾಪಸ್ ಕೂರುತ್ತದೆ ಎಂದು ನೋಡದೆ ಕತ್ತರಿ ಹಿಡಿಯಬಾರದು.

ಪ್ಯಾಟರ್ನ್ ಆರಿಸುವಾಗ

ಪ್ಯಾಟರ್ನ್ ಅಂದರೆ ಬಟ್ಟೆಯ ಮೇಲಿಟ್ಟು ಕತ್ತರಿಸಲು ಬರೆದ ಕಾಗದದ ಅಚ್ಚು. ನಮ್ಮ ಟೈಲರ್‌ಗಳು ಅದನ್ನು ಬಳಸುವುದು ಕಡಿಮೆ. ಅಳತೆ ತೆಗೆದು ಬಟ್ಟೆಯ ಮೇಲೇ ಗೆರೆ ಹಾಕುತ್ತಾರೆ. ಅದು ದೊಡ್ಡ ವಿದ್ಯೆ. ಆದರೆ ನಿಟ್‌ನ ಕುತ್ತಿಗೆ, ತೋಳು ಕೂರಿಸುವ ಕೊರೆತ ಎಲ್ಲಾ ಲೆಕ್ಕವೂ ಬೇರೆ. ಇದನ್ನು ಮೊದಲ ಸಲ ಮಾಡುವವರಿಗೆ ತಯಾರಾದ ಪ್ಯಾಟರ್ನ್ ದೊಡ್ಡ ಆಸರೆ.

ಇಂಥ ಪ್ಯಾಟರ್ನ್‌ಗಳು ಸ್ವತಂತ್ರ ಡಿಸೈನರ್‌ಗಳ ಹತ್ತಿರ ಸಿಗುತ್ತವೆ. ಸ್ವತಂತ್ರ ಡಿಸೈನರ್ ಅಂದರೆ ಸಾಮಾನ್ಯವಾಗಿ ಒಬ್ಬರು ಅಥವಾ ನಾಲ್ಕಾರು ಜನ ನಡೆಸುವ ಸಣ್ಣ ಸಂಸ್ಥೆ. ಡ್ರಾಫ್ಟ್ ಮಾಡಿ, ಬೇರೆ ಬೇರೆ ಮೈಕಟ್ಟಿನವರಿಂದ ಹೊಲಿಸಿ ನೋಡಿ, ತಿದ್ದಿ, ಹಂತ ಹಂತದ ಚಿತ್ರಗಳ ಜೊತೆ ಪಿಡಿಎಫ್ ಮಾರುತ್ತಾರೆ. ಫ್ರಾನ್ಸ್‌ನ ಡಿಯರ್ ಅಂಡ್ ಡೋ ಅವರ ಪ್ಲಾಂಟೇನ್ ಟೀ ಶರ್ಟ್ ಪ್ಯಾಟರ್ನ್ ಉಚಿತ. ಭುಜದಲ್ಲಿ ಸರಿಯಾಗಿ ಕೂತು ಕೆಳಗೆ ಸಡಿಲಾಗುತ್ತದೆ. ಅಮೆರಿಕದ ಗ್ರೇನ್‌ಲೈನ್ ಸ್ಟುಡಿಯೋದ ಲಾರ್ಕ್ ಟೀಯಲ್ಲಿ ನಾಲ್ಕು ಬಗೆಯ ಕುತ್ತಿಗೆ ಇದೆ. ಕೆನಡಾದ ಜಾಲಿ ಸಂಸ್ಥೆ ಒಂದೇ ಪ್ಯಾಟರ್ನ್‌ನಲ್ಲಿ ಮಗುವಿನಿಂದ ದೊಡ್ಡವರವರೆಗಿನ ಸೈಜ್ ಕೊಡುತ್ತದೆ. ಮೊದಲ ಸಲಕ್ಕೆ ದುಂಡು ಕುತ್ತಿಗೆ, ಗಿಡ್ಡ ತೋಳು, ಸ್ವಲ್ಪ ಸಡಿಲ ಇರುವುದನ್ನೇ ಆರಿಸಿ. ವಿ ಕುತ್ತಿಗೆ ಈಗ ಬೇಡ.

ಹಣ ಕೊಟ್ಟು ಕೊಂಡ ಪಿಡಿಎಫ್ ಅನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬ ಡಿಸೈನರ್‌ನ ತಿಂಗಳುಗಟ್ಟಲೆ ದುಡಿಮೆ ಅದು. ಗೆಳತಿಗೆ ಬೇಕಿದ್ದರೆ ಹೆಸರು ಹೇಳಿ, ಅವಳೂ ಕೊಳ್ಳಲಿ.

ಕೊಂಡ ಕೂಡಲೇ ಸೂಚನೆಗಳನ್ನು ಮೊದಲಿನಿಂದ ಕೊನೆತನಕ ಒಮ್ಮೆ ಓದಿ. ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಬಟ್ಟೆಗೆ ಎಷ್ಟು ಎಳೆತ ಬೇಕು, ಹೊಲಿಗೆಗೆ ಮಾರ್ಜಿನ್ ಎಷ್ಟು, ಹೊಲಿದು ಮುಗಿದ ಟಾಪ್‌ನ ಅಳತೆ ಎಷ್ಟು. ಮಾರ್ಜಿನ್ ಕೆಲವರಲ್ಲಿ 6 ಮಿ.ಮೀ., ಕೆಲವರಲ್ಲಿ 1 ಸೆಂ.ಮೀ. ಬ್ಲೌಸ್‌ನ ಅಭ್ಯಾಸದಲ್ಲಿ ಬದಿಗೆ ಒಂದಿಂಚು ಜಾಸ್ತಿ ಬಿಟ್ಟುಕೊಳ್ಳಬೇಡಿ. ನಿಟ್‌ನಲ್ಲಿ ಅದು ಒಳಗೆ ಮುದ್ದೆಯಾಗುತ್ತದೆ.

ಬಟ್ಟೆ: ಇಲ್ಲಿ ನಿಧಾನ ಮಾಡಿ

ಕಾರವಾರ, ಕುಮಟಾ, ಶಿರಸಿಯ ಅಂಗಡಿಗಳಲ್ಲಿ ಒಳ್ಳೆಯ ನಿಟ್ ಸಿಗದಿದ್ದರೆ ಹುಬ್ಬಳ್ಳಿಗೋ ಮಡಗಾಂವ್‌ಗೋ ಹೋದಾಗ ನೋಡಿ. ಆನ್‌ಲೈನ್‌ನಲ್ಲಿ ತಿರುಪ್ಪೂರಿನ ಬಟ್ಟೆ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಕೆಜಿಗೆ ಎಷ್ಟು ಮೀಟರ್ ಬರುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. 60 ಇಂಚು ಪನ್ನದ (ಅಗಲದ) 180 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 180 ಗ್ರಾಂ ತೂಕದ ಬಟ್ಟೆ ಮೀಟರಿಗೆ ಸುಮಾರು 275 ಗ್ರಾಂ ತೂಗುತ್ತದೆ. ಅಂದರೆ ಒಂದು ಕೆಜಿಗೆ ಮೂರೂವರೆ ಮೀಟರ್. ಗಿಡ್ಡ ತೋಳಿನ ಟಾಪ್‌ಗೆ ಹೆಚ್ಚಿನವರಿಗೆ ಒಂದೂಕಾಲರಿಂದ ಒಂದೂವರೆ ಮೀಟರ್ ಸಾಕು. ಒಂದು ಕೆಜಿಯಲ್ಲಿ ಎರಡು ಟಾಪ್ ಆಗಿ, ಸ್ಯಾಂಪಲ್‌ಗೂ ತುಂಡು ಉಳಿಯುತ್ತದೆ.

ಹೊಸಬರಿಗೆ ಇಂಟರ್‌ಲಾಕ್ ಬಟ್ಟೆ ಒಳ್ಳೆಯದು. ಎರಡೂ ಬದಿ ಒಂದೇ ಥರ, ಅಂಚು ಸುರುಳಿಯಾಗುವುದಿಲ್ಲ. ಒಂದು ಎಚ್ಚರಿಕೆ: ನಮ್ಮ ಟೈಲರ್‌ಗಳು ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಹೊಲಿಗೆಗೂ ಇಂಟರ್‌ಲಾಕ್ ಅಂತಲೇ ಅನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ಬಟ್ಟೆಯ ಹೆಸರು ಎಂದು ಬಿಡಿಸಿ ಹೇಳಿ. ಸಿಂಗಲ್ ಜರ್ಸಿ ತೆಳು, ಕರಾವಳಿಯ ಸೆಕೆಗೆ ಹಿತ, ಆದರೆ ಸುತ್ತಿಕೊಳ್ಳುತ್ತದೆ. ಅದರ ಸುಲ್ಟಾ, ಅಂದರೆ ಹೊರಗೆ ಕಾಣಬೇಕಾದ ಬದಿ ತಿಳಿಯಬೇಕಾದರೆ ಅಡ್ಡಕ್ಕೆ ಕತ್ತರಿಸಿದ ಅಂಚನ್ನು ಎಳೆದು ನೋಡಿ. ಅಂಚು ಯಾವ ಬದಿಗೆ ಸುತ್ತುತ್ತದೋ ಅದೇ ಸುಲ್ಟಾ.

ಎಳೆತ ಅಳೆಯುವುದು ಹೀಗೆ. ಬಟ್ಟೆಯನ್ನು ಅಡ್ಡಕ್ಕೆ ಮಡಿಸಿ, ಅಂಚಿನಿಂದ ದೂರ, ಮಡಿಕೆಯ ಮೇಲೆ 10 ಸೆಂ.ಮೀ.ಗೆ ಎರಡು ಪಿನ್ ಚುಚ್ಚಿ. ಸ್ಕೇಲ್ ಪಕ್ಕ ಹಿಡಿದು, ಬಟ್ಟೆ ಒದ್ದಾಡದಷ್ಟು ಮಾತ್ರ ಎಳೆಯಿರಿ. 13 ಸೆಂ.ಮೀ.ಗೆ ಬಂದರೆ 30 ಪರ್ಸೆಂಟ್ ಎಳೆತ. 15ಕ್ಕೆ ಬಂದರೆ 50. ಈಗ ಕೈ ಬಿಡಿ. ಮತ್ತೆ ಹತ್ತಕ್ಕೆ ಬಂದು ಕೂರಬೇಕು. ಹತ್ತೂವರೆಯಲ್ಲೇ ನಿಂತರೆ ಆ ಟಾಪ್ ಸಂಜೆಯ ಹೊತ್ತಿಗೆ ಮೊಣಕೈ, ಹೊಟ್ಟೆ ಹತ್ತಿರ ಜೋತು ಬೀಳುತ್ತದೆ. ಹತ್ತಿಯಲ್ಲಿ 5 ಪರ್ಸೆಂಟ್ ಲೈಕ್ರಾ ಇದ್ದರೆ ಈ ತೊಂದರೆ ಕಡಿಮೆ. ಪ್ಯಾಟರ್ನ್ 40 ಪರ್ಸೆಂಟ್ ಕೇಳಿ ನಿಮ್ಮ ಬಟ್ಟೆ 20 ಮಾತ್ರ ಎಳೆದರೆ, ಬಟ್ಟೆ ಎಷ್ಟೇ ಚಂದ ಇರಲಿ, ಈ ಟಾಪ್‌ಗೆ ಅದು ಬೇಡ. ಬೇರೆ ಸಡಿಲ ಪ್ಯಾಟರ್ನ್‌ಗೆ ಎತ್ತಿಡಿ.

ಆಮೇಲೆ ತೊಳೆಯಿರಿ. ಹತ್ತಿಯ ನಿಟ್ ಮೊದಲ ನೀರಿಗೆ ಕುಗ್ಗುತ್ತದೆ, ಉದ್ದದಲ್ಲಿ ಜಾಸ್ತಿ. ಮುಂದೆ ಹೇಗೆ ತೊಳೆಯುತ್ತೀರೋ ಈಗಲೂ ಹಾಗೇ ತೊಳೆಯಿರಿ. ನನಗೆ ಆಗುವುದಾದರೆ ಎರಡು ಸಲ. ಒದ್ದೆ ನಿಟ್ ಅನ್ನು ಹಗ್ಗದಿಂದ ಉದ್ದಕ್ಕೆ ಇಳಿಬಿಟ್ಟರೆ ತನ್ನ ಭಾರಕ್ಕೇ ಜಗ್ಗುತ್ತದೆ. ಜೋಡಿ ಹಗ್ಗದ ಮೇಲೆ ಹಾಸಿ, ಇಲ್ಲ ಚಾಪೆಯ ಮೇಲೆ ಹರಡಿ. ಮಳೆಗಾಲದಲ್ಲಿ ಇದು ನಮ್ಮೂರಲ್ಲಿ ಮೂರು ದಿನದ ಕೆಲಸ. ಘಟ್ಟದ ಮೇಲೆ ಬಚ್ಚಲು ಒಲೆಯ ಹತ್ತಿರ ಒಣಗಿಸುವುದುಂಟು, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ನಾನು ಮಳೆಗಾಲಕ್ಕೆ ಬೇಕಾದ ಬಟ್ಟೆಯನ್ನು ಮೇ ತಿಂಗಳಲ್ಲೇ ತೊಳೆದು ಇಟ್ಟುಕೊಳ್ಳುತ್ತೇನೆ.

ಪ್ರಿಂಟ್

ನನ್ನ ಮೊದಲ ಟಾಪ್ ಕೆಟ್ಟದ್ದು ಪ್ರಿಂಟ್‌ನಲ್ಲಿ. ಝೆರಾಕ್ಸ್ ಅಂಗಡಿಯೊಂದರಲ್ಲಿ ಪುಟಕ್ಕೆ ಹೊಂದಿಸುವ ಆಯ್ಕೆ ಇಟ್ಟೇ ಪ್ರಿಂಟ್ ತೆಗೆದುಬಿಟ್ಟರು. ನಾನೂ ಅಳೆದು ನೋಡಲಿಲ್ಲ. 97 ಪರ್ಸೆಂಟ್‌ಗೆ ಇಳಿದಿತ್ತು. 92 ಸೆಂ.ಮೀ. ಇರಬೇಕಾದ ಎದೆಸುತ್ತು 89 ಆಯಿತು. ಇಡೀ ಬಟ್ಟೆ ಹೋಯಿತು.

ಅದಕ್ಕೇ ಅಂಗಡಿಯಲ್ಲಿ ನಿಂತು ಹೇಳಿ: 100 ಪರ್ಸೆಂಟ್, ಅಸಲು ಅಳತೆ. ಪರೀಕ್ಷೆಯ ಚೌಕ ಇರುವ ಪುಟ ಒಂದನ್ನೇ ಮೊದಲು ತೆಗೆಸಿ. ಚೌಕ ಕೆಲವರಲ್ಲಿ ಒಂದು ಇಂಚು, ಕೆಲವರಲ್ಲಿ 5 ಅಥವಾ 10 ಸೆಂ.ಮೀ. ಸ್ಕೇಲ್ ನಿಮ್ಮದೇ ತೆಗೆದುಕೊಂಡು ಹೋಗಿ, ಅಗಲ ಉದ್ದ ಎರಡೂ ಅಳೆಯಿರಿ. ಒಂದು ಮಿ.ಮೀ. ವ್ಯತ್ಯಾಸವಿದ್ದರೂ ಸೆಟ್ಟಿಂಗ್ ತಿದ್ದಿಸಿ. ಅಮೆರಿಕದ ಲೆಟರ್ ಕಾಗದ ನಮ್ಮ ಎ4ಗಿಂತ 6 ಮಿ.ಮೀ. ಅಗಲ, 18 ಮಿ.ಮೀ. ಗಿಡ್ಡ. ಫೈಲ್‌ನಲ್ಲಿ ಎ4 ಬೇರೆ ಇದ್ದರೆ ಅದನ್ನೇ ಆರಿಸಿ. ತುಂಬಾ ಪ್ಯಾಟರ್ನ್‌ಗಳಲ್ಲಿ ಸೈಜ್‌ಗಳು ಪದರ ಪದರವಾಗಿರುತ್ತವೆ. ಅಡೋಬಿ ರೀಡರ್‌ನಲ್ಲಿ ತೆರೆದು ಬೇಡದ ಸೈಜ್‌ಗಳನ್ನು ಮುಚ್ಚಿದರೆ ಗೆರೆಗಳ ಗೊಂದಲ ಇರುವುದಿಲ್ಲ.

ಪುಟ ಅಂಟಿಸಲು ಬೇಸರವಿದ್ದರೆ ಮನೆ ಪ್ಲಾನ್ ಪ್ರಿಂಟ್ ಮಾಡುವ ಅಂಗಡಿಗೆ ಎ0 ಫೈಲ್ ಕೊಡಿ. ಇಂಜಿನಿಯರ್‌ಗಳ ನಕ್ಷೆ ತೆಗೆಯುವ ಪ್ಲಾಟರ್‌ನಲ್ಲಿ ಒಂದೇ ಹಾಳೆಯಲ್ಲಿ ಬರುತ್ತದೆ. ಎ4 ಆದರೆ ಬಲ ಮತ್ತು ಕೆಳಗಿನ ಅಂಚು ಮಾತ್ರ ಕತ್ತರಿಸಿ, ಗುರುತು ಕೂಡಿಸಿ, ಮೊದಲು ಸಾಲು ಸಾಲಾಗಿ, ಆಮೇಲೆ ಸಾಲುಗಳನ್ನು ಒಂದಕ್ಕೊಂದು ಅಂಟಿಸಿ. ನಮ್ಮ ತೇವಕ್ಕೆ ಸೆಲ್ಲೋಟೇಪ್ ಬಿಟ್ಟುಕೊಳ್ಳುತ್ತದೆ, ಗ್ಲೂ ಸ್ಟಿಕ್ ಮೇಲು. ಬೇಕಾದ ಸೈಜ್ ಅನ್ನು ಬ್ರೌನ್ ಪೇಪರ್ ಮೇಲೆ ನಕಲು ಮಾಡಿಕೊಂಡರೆ ಮೂಲ ಹಾಳೆ ಹಾಗೇ ಉಳಿಯುತ್ತದೆ.

ಸೈಜ್: ಅಂಗಡಿಯ ಲೆಕ್ಕ ಮರೆತುಬಿಡಿ

ರೆಡಿಮೇಡ್‌ನಲ್ಲಿ ನೀವು ಎಮ್ ಇರಬಹುದು, ಪ್ಯಾಟರ್ನ್‌ನಲ್ಲಿ ಎಲ್ ಬರಬಹುದು. ಬೇಸರ ಬೇಡ, ಅದು ಬರೀ ಒಂದು ಅಕ್ಷರ. ಕಂಕುಳ ಕೆಳಗೆ ಎದೆಯ ಮೇಲ್ಭಾಗದ ಸುತ್ತು, ತುಂಬು ಎದೆಯ ಸುತ್ತು, ಸೊಂಟ, ಪೃಷ್ಠ — ನಾಲ್ಕೂ ಅಳೆಯಿರಿ. ಮೊದಲ ಎರಡರ ನಡುವೆ 5 ಸೆಂ.ಮೀ.ಗಿಂತ ಜಾಸ್ತಿ ಅಂತರವಿದ್ದರೆ, ಮೇಲ್ಭಾಗದ ಅಳತೆಗೆ 5 ಸೇರಿಸಿ ಬಂದ ಸಂಖ್ಯೆಯನ್ನು ಚಾರ್ಟ್‌ನ ಎದೆಯ ಅಳತೆಯಾಗಿ ನೋಡಿ. ಆಗ ಭುಜ ಸರಿಯಾಗಿ ಕೂರುತ್ತದೆ. ಎದೆಯಲ್ಲಿ ಎರಡು ಮೂರು ಸೆಂ.ಮೀ. ಕಡಿಮೆಯಾದರೆ ನಿಟ್ ಹಿಗ್ಗಿ ಸರಿದೂಗಿಸುತ್ತದೆ. ಭುಜ ದೊಡ್ಡದಾದರೆ ಮಾತ್ರ ಯಾವ ಎಳೆತವೂ ಉಳಿಸುವುದಿಲ್ಲ.

ಮುಗಿದ ಟಾಪ್‌ನ ಅಳತೆ ಮೈಗಿಂತ ಕಡಿಮೆ ಇರುವುದು ನೋಡಿ ಗಾಬರಿಯಾಗಬಹುದು. ಎದೆ 92, ಟಾಪ್ 88. ಇದು ಮುದ್ರಣದ ತಪ್ಪಲ್ಲ. ಮೈಗೆ ಅಪ್ಪುವ ಟಾಪ್ ಹೀಗೇ ಚಿಕ್ಕದಾಗಿದ್ದು ತೊಟ್ಟಾಗ ಹಿಗ್ಗುತ್ತದೆ. ನಿಮಗೆ ಸಡಿಲ ಬೇಕಿದ್ದರೆ ಒಂದು ಸೈಜ್ ಮೇಲೆ ಹೋಗಬಹುದು, ಆದರೆ ಭುಜ ಮತ್ತು ಕುತ್ತಿಗೆಯನ್ನು ಹಳೆಯ ಸೈಜ್‌ನಲ್ಲೇ ಇಟ್ಟು, ಕಂಕುಳಿಂದ ಕೆಳಗೆ ಮಾತ್ರ ಅಗಲ ಮಾಡಿ. ಎದೆ ಒಂದು ಸೈಜ್, ಸೊಂಟ ಇನ್ನೊಂದು ಸೈಜ್ ಬಂದವರೂ ಹೀಗೇ ಎರಡು ಗೆರೆಗಳನ್ನು ಮೆಲ್ಲಗೆ ಬಾಗಿಸಿ ಕೂಡಿಸಬೇಕು. ಮುಂಭಾಗಕ್ಕೆ ಮಾಡಿದ್ದನ್ನು ಹಿಂಭಾಗಕ್ಕೂ ಮಾಡಿ.

ಇನ್ನು ಎತ್ತರ. ಹಲವು ವಿದೇಶಿ ಪ್ಯಾಟರ್ನ್‌ಗಳು ಸುಮಾರು 5 ಅಡಿ 5 ಅಥವಾ 6 ಇಂಚಿನವರಿಗೆ ಬರೆದಿರುತ್ತವೆ. ನನ್ನ ಎತ್ತರ 5 ಅಡಿ 1 ಇಂಚು. ಹಾಗೇ ಹೊಲಿದರೆ ಸೊಂಟದ ಕೊರೆತ ಪೃಷ್ಠದ ಮೇಲೆ ಕೂರುತ್ತದೆ. ಕೆಳ ಅಂಚು ಕತ್ತರಿಸಿದರೆ ಇದು ಸರಿಹೋಗುವುದಿಲ್ಲ. ಪ್ಯಾಟರ್ನ್‌ನ ಮಧ್ಯೆ ಗಿಡ್ಡ ಮಾಡುವ ಗೆರೆ ಕೊಟ್ಟಿರುತ್ತಾರೆ. ನಾನು ಅಲ್ಲಿ 2 ಸೆಂ.ಮೀ. ಮಡಚಿ ಅಂಟಿಸುತ್ತೇನೆ, ಉಳಿದ 2 ಕೆಳಗೆ ತೆಗೆಯುತ್ತೇನೆ. ಮಡಚಿದ ಮೇಲೆ ಬದಿಯ ಗೆರೆ ಮೆಟ್ಟಿಲಾಗುತ್ತದೆ, ಅದನ್ನು ನುಣುಪಾಗಿ ತಿದ್ದಿ.

ಕತ್ತರಿಸುವುದು

ಒಣಗಿದ ಬಟ್ಟೆಯನ್ನು ನೆಲದ ಮೇಲೆ ಹಾಸಿ ಒಂದು ರಾತ್ರಿ ಸುಮ್ನೆ ಬಿಡಿ. ಥಾನಿನಲ್ಲಿ ಜಗ್ಗಿದ್ದರೆ ಸಡಿಲಾಗುತ್ತದೆ. ಮೇಜಿನಿಂದ ಒಂದು ತುದಿ ಕೆಳಗೆ ಇಳಿಬಿದ್ದರೂ ಅಳತೆ ಕೆಡುತ್ತದೆ, ಅದಕ್ಕೇ ನನಗೆ ನೆಲವೇ ಇಷ್ಟ. ಹತ್ತಿರದಿಂದ ನೋಡಿದರೆ ಬಟ್ಟೆಯಲ್ಲಿ ಉದ್ದಕ್ಕೆ ಸಣ್ಣ ಸಾಲುಗಳು ಕಾಣುತ್ತವೆ. ಪ್ಯಾಟರ್ನ್‌ನ ಬಾಣದ ಗೆರೆ ಆ ಸಾಲಿಗೆ ಸಮವಾಗಿರಬೇಕು. ಜಾಸ್ತಿ ಎಳೆತ ಮೈ ಸುತ್ತ ಬರಬೇಕು. ಸಾಲು ಓರೆಯಾದರೆ ಎರಡು ಸಲ ತೊಳೆದ ಮೇಲೆ ಬದಿಯ ಹೊಲಿಗೆ ಹೊಟ್ಟೆಗೆ ತಿರುಗುತ್ತದೆ.

ಪಿನ್ ಚುಚ್ಚಿದರೆ ಬಟ್ಟೆ ಎದ್ದು ನಿಲ್ಲುತ್ತದೆ. ಪ್ಯಾಟರ್ನ್ ಮೇಲೆ ಭಾರ ಇಡಿ. ನಾನು ಸಣ್ಣ ಹಿತ್ತಾಳೆ ತಂಬಿಗೆಗಳನ್ನು ಇಡುತ್ತೇನೆ. ಕತ್ತರಿಯ ಕೆಳ ಅಲಗು ನೆಲ ಬಿಡಬಾರದು. ಗುರುತಿನ ಜಾಗದಲ್ಲಿ 2–3 ಮಿ.ಮೀ. ಮಾತ್ರ ಕಚ್ಚು ಹಾಕಿ. ತೋಳಿನಲ್ಲಿ ಸಾಮಾನ್ಯವಾಗಿ ಒಂಟಿ ಕಚ್ಚು ಮುಂದಕ್ಕೆ, ಜೋಡಿ ಕಚ್ಚು ಹಿಂದಕ್ಕೆ.

ಸೂಜಿ, ದಾರ, ಮೆಶಿನ್

ಮಾಮೂಲಿ ಚೂಪು ಸೂಜಿ ಕುಣಿಕೆಯನ್ನೇ ಕತ್ತರಿಸುತ್ತದೆ. ಒಂದೆರಡು ತೊಳೆತದಲ್ಲಿ ಹೊಲಿಗೆಯ ಪಕ್ಕ ಸಾಲು ತೂತು ಬೀಳುತ್ತದೆ. ತುದಿ ದುಂಡಾದ ಬಾಲ್ ಪಾಯಿಂಟ್ ಸೂಜಿ ಕುಣಿಕೆಗಳ ನಡುವೆ ಜಾರಿ ಹೋಗುತ್ತದೆ. ತೆಳು ಬಟ್ಟೆಗೆ 11 ನಂಬರ್, ದಪ್ಪಕ್ಕೆ 14. ಲೈಕ್ರಾ ಇದ್ದು ಹೊಲಿಗೆ ಹಾರುತ್ತಿದ್ದರೆ ಸ್ಟ್ರೆಚ್ ಸೂಜಿ ಹಾಕಿ. ದಾರ ಪಾಲಿಯೆಸ್ಟರ್ ಆಗಿರಲಿ, ಹತ್ತಿ ದಾರ ಎಳೆತಕ್ಕೆ ಕಡಿಯುತ್ತದೆ.

ಜಿಗ್‌ಜಾಗ್ ಇರುವ ಮೆಶಿನ್ ಆದರೆ ಅಗಲ 0.5ರಿಂದ 1, ಉದ್ದ 2.5 ಇಡಿ. ನೋಡಲು ನೇರ ಹೊಲಿಗೆಯಂತೆಯೇ ಇರುತ್ತದೆ, ಆದರೆ ಎಳೆದರೆ ಕಡಿಯುವುದಿಲ್ಲ. ಉಳಿದ ತುಂಡಿನ ಮೇಲೆ ಹೊಲಿದು ಚೆನ್ನಾಗಿ ಎಳೆದು ನೋಡಿ. ಅಲೆ ಬಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಮೆಶಿನ್ ಪಾದದ ಒತ್ತಡ ಕಡಿಮೆ ಮಾಡಿ, ಉದ್ದ 3ಕ್ಕೆ ಏರಿಸಿ. ಹಬೆಯ ಇಸ್ತ್ರಿ ಒತ್ತಿದ ಮೇಲೂ ಅಲೆ ಉಳಿದರೆ ಮಾತ್ರ ಚಿಂತೆ.

ಮನೆಯಲ್ಲಿ ಹಳೆಯ ಕಪ್ಪು ಮೆಶಿನ್ ಮಾತ್ರ ಇದೆಯೇ? ಸಡಿಲ ಟಾಪ್ ಖಂಡಿತ ಹೊಲಿಯಬಹುದು. ಚಿಕ್ಕ ಹೊಲಿಗೆ ಇಟ್ಟು, ಬಟ್ಟೆಯನ್ನು ಮುಂದೆ ಹಿಂದೆ ಸ್ವಲ್ಪವೇ ಬಿಗಿ ಹಿಡಿದು ಹೊಲಿಯಿರಿ. ಕುತ್ತಿಗೆ ಪಟ್ಟಿಯನ್ನು ಮಾತ್ರ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಪಿಕೊ–ಫಾಲ್ ಅಂಗಡಿಯ ಓವರ್‌ಲಾಕ್‌ಗೆ ಒಯ್ಯಿರಿ. ತಲೆ ತೂರುವಾಗ ಜಾಸ್ತಿ ಎಳೆತ ಬೀಳುವುದು ಅಲ್ಲೇ ಅಲ್ವಾ? ನೇರ ಹೊಲಿಗೆ ಅಲ್ಲಿ ಪಟಪಟ ಕಡಿಯುತ್ತದೆ.

ಉಪ್ಪುಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಸೂಜಿ ನಿಟ್‌ನ ಕುಣಿಕೆ ಕೀಳುತ್ತದೆ. ಕೆಲಸ ಮುಗಿದ ಮೇಲೆ ಸೂಜಿ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡಿ.

ಹೊಲಿಯುವ ಕ್ರಮ

ಮೊದಲು ಭುಜ. ಇಡೀ ಟಾಪ್ ತೂಗುವುದು ಇಲ್ಲಿಂದ. ಬಲ ಕೊಡದಿದ್ದರೆ ಭುಜ ದಿನೇ ದಿನೇ ಉದ್ದವಾಗುತ್ತದೆ. ಹಾಸುಹೊಕ್ಕಿನ ತೆಳು ಹತ್ತಿ ಬಟ್ಟೆಯ ಅಂಚಿನಿಂದ 6 ಮಿ.ಮೀ. ಪಟ್ಟಿ ಕತ್ತರಿಸಿ, ಹೊಲಿಗೆಯೊಳಗೆ ಸೇರಿಸಿ ಹೊಲಿಯಿರಿ. ಪಟ್ಟಿಯ ಉದ್ದವನ್ನು ಪ್ಯಾಟರ್ನ್ ಕಾಗದದ ಮೇಲೆ ಅಳೆಯಿರಿ, ಆಗಲೇ ಜಗ್ಗಿರಬಹುದಾದ ಬಟ್ಟೆಯ ಮೇಲೆ ಬೇಡ.

ಈಗ ಕುತ್ತಿಗೆ ಪಟ್ಟಿ. ಮನೆಯಲ್ಲಿ ಹೊಲಿದದ್ದು, ಅಂಗಡಿಯದ್ದು ಎಂಬ ಭೇದ ಗೊತ್ತಾಗುವುದು ಇಲ್ಲೇ. ಪ್ಯಾಟರ್ನ್ ಒಂದು ಉದ್ದ ಕೊಟ್ಟಿರುತ್ತದೆ, ಆದರೆ ಅದು ಡಿಸೈನರ್ ಬಳಸಿದ ಬಟ್ಟೆಯ ಎಳೆತಕ್ಕೆ. ನಿಮ್ಮ ಬಟ್ಟೆಗೆ ನೀವೇ ಲೆಕ್ಕ ಹಾಕಿ. ಕುತ್ತಿಗೆಯ ಹೊಲಿಗೆ ಬೀಳುವ ಗೆರೆಯ ಮೇಲೆ ಟೇಪನ್ನು ನೆಟ್ಟಗೆ ನಿಲ್ಲಿಸಿ ಅಳೆಯಿರಿ. 60 ಸೆಂ.ಮೀ. ಬಂತು ಅನ್ನಿ. ಅದರ 85 ಪರ್ಸೆಂಟ್ 51. ಕೂಡು ಹೊಲಿಗೆಗೆ 2 ಸೇರಿಸಿದರೆ 53. ಚೆನ್ನಾಗಿ ಎಳೆಯುವ ರಿಬ್ (ಉದ್ದುದ್ದ ಏಣಿನ) ಬಟ್ಟೆಗೆ 80 ಪರ್ಸೆಂಟ್ ಸಾಕು, ಕಡಿಮೆ ಎಳೆಯುವುದಕ್ಕೆ 90 ಬೇಕು. ಮಾರ್ಜಿನ್ 1 ಸೆಂ.ಮೀ. ಇದ್ದು 2 ಸೆಂ.ಮೀ. ಪಟ್ಟಿ ಕಾಣಬೇಕಿದ್ದರೆ ಅಗಲ 6 ಸೆಂ.ಮೀ. ಕತ್ತರಿಸಿ. ಎಳೆತ ಪಟ್ಟಿಯ ಉದ್ದಕ್ಕೆ ಬರಬೇಕು.

ಪಟ್ಟಿಯನ್ನು ಬಳೆಯಂತೆ ಕೂಡಿಸಿ, ಉದ್ದಕ್ಕೆ ಅರ್ಧ ಮಡಿಸಿ, ನಾಲ್ಕು ಸಮ ಭಾಗಕ್ಕೆ ಪಿನ್ ಹಾಕಿ. ಕುತ್ತಿಗೆಯನ್ನೂ ನಾಲ್ಕು ಮಾಡಿ. ಭುಜದ ಹೊಲಿಗೆಯೇ ಕಾಲು ಭಾಗ ಅಂದುಕೊಳ್ಳಬೇಡಿ. ಮುಂದಿನ ಕುತ್ತಿಗೆ ಉದ್ದ, ಹಿಂದಿನದು ಗಿಡ್ಡ. ನಡು ಮುಂದು, ನಡು ಹಿಂದು ಕೂಡಿಸಿ ಹಿಡಿದರೆ ನಿಜವಾದ ಕಾಲು ಭಾಗ ಭುಜಕ್ಕಿಂತ ಸ್ವಲ್ಪ ಮುಂದೆ ಬರುತ್ತದೆ. ಪಟ್ಟಿಯ ಕೂಡು ಹಿಂದೆ ಇರಲಿ. ಪಟ್ಟಿ ಮೇಲೆ, ಟಾಪ್ ಕೆಳಗೆ ಇಟ್ಟು ಪಟ್ಟಿಯನ್ನು ಮಾತ್ರ ಎಳೆಯುತ್ತಾ ಹೊಲಿಯಿರಿ. ಮೊದಲು ದೊಡ್ಡ ಹೊಲಿಗೆಯಲ್ಲಿ ಹೊಲಿದು, ತೊಟ್ಟು, ಕನ್ನಡಿ ನೋಡಿ. ಪಟ್ಟಿ ಎದ್ದು ನಿಂತರೆ ಅದು ಉದ್ದವಾಗಿದೆ. ಕುತ್ತಿಗೆ ಸುತ್ತ ನೆರಿಗೆ ಬಂದರೆ ಗಿಡ್ಡವಾಗಿದೆ. ಬಿಚ್ಚಿ ಒಂದು ಸೆಂ.ಮೀ. ಸರಿಮಾಡಿ. ನಾನು ಇವತ್ತಿಗೂ ಹೊಸ ಬಟ್ಟೆಗೆ ಒಂದು ಸಲ ಬಿಚ್ಚುತ್ತೇನೆ.

ತೋಳನ್ನು ಬ್ಲೌಸ್‌ನಂತೆ ಸುತ್ತ ಕೂರಿಸಬೇಕಿಲ್ಲ. ಬದಿ ತೆರೆದಿರುವಾಗಲೇ, ಟಾಪ್ ಚಪ್ಪಟೆ ಇದ್ದಾಗಲೇ, ತೋಳಿನ ನಡು ಗುರುತನ್ನು ಭುಜಕ್ಕೆ ಕೂಡಿಸಿ ಹೊಲಿಯಿರಿ. ಆಮೇಲೆ ತೋಳಿನ ತುದಿಯಿಂದ ಕಂಕುಳು ದಾಟಿ ಕೆಳ ಅಂಚಿನವರೆಗೆ ಒಂದೇ ಓಟ. ಮೊದಲು ಕಚ್ಚಾ ಹೊಲಿದು ತೊಟ್ಟು ನೋಡಿ, ಆಮೇಲೆ ಗಟ್ಟಿ ಮಾಡಿ.

ಕೆಳ ಅಂಚು

ಹೊಲಿದ ಟಾಪ್ ಅನ್ನು ಒಂದು ರಾತ್ರಿ ತೂಗುಹಾಕಿ, ಅಂಚು ಸಮ ಮಾಡಿ, 2 ಸೆಂ.ಮೀ. ಒಳಗೆ ಮಡಿಸಿ. ಇಸ್ತ್ರಿಯನ್ನು ಎಳೆದಾಡಬೇಡಿ, ಇಟ್ಟು ಎತ್ತಿ. ಜೋಡಿ ಸೂಜಿ ಇದ್ದರೆ ಅಂಗಡಿಯಂಥ ಎರಡು ಸಾಲು ಹೊಲಿಗೆ ಬರುತ್ತದೆ. ಕೆಳಗೆ ಬಾಬಿನ್ ದಾರ ಜಿಗ್‌ಜಾಗ್ ಆಗುವುದರಿಂದ ಎಳೆತವೂ ಉಳಿಯುತ್ತದೆ. 4 ಮಿ.ಮೀ. ಸ್ಟ್ರೆಚ್ ಜೋಡಿ ಸೂಜಿ ತೆಗೆದುಕೊಳ್ಳಿ. ಇದನ್ನು ಜಿಗ್‌ಜಾಗ್ ಮೆಶಿನ್‌ಗೆ ಮಾತ್ರ ಹಾಕಬೇಕು. ಕಪ್ಪು ಮೆಶಿನ್‌ನ ಸಣ್ಣ ತೂತಿಗೆ ತಾಗಿ ಸೂಜಿ ಮುರಿದು ಕಣ್ಣಿಗೆ ಹಾರೀತು. ಹೊರ ಬದಿ ಮೇಲೆ ಇಟ್ಟು ನಿಧಾನ ಹೊಲಿಯಿರಿ. ಎರಡು ಸಾಲಿನ ನಡುವೆ ಬಟ್ಟೆ ಉಬ್ಬಿದರೆ ಮೇಲಿನ ದಾರ ಸಡಿಲ ಮಾಡಿ. ತೆಳು ಜರ್ಸಿಯನ್ನು ಮೆಶಿನ್‌ನ ಹಲ್ಲು ನುಂಗುತ್ತಿದ್ದರೆ ಕೆಳಗೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಜೋಡಿ ಸೂಜಿ ಇಲ್ಲದವರು ಅಗಲದ ಜಿಗ್‌ಜಾಗ್ ಹಾಕಿದರೂ ಚಂದವೇ.

ಟಾಪ್ ಒಮ್ಮೆ ತೊಳೆದು, ತೊಟ್ಟು ಒಂದು ದಿನ ಓಡಾಡಿದ ಮೇಲೆ ಪ್ಯಾಟರ್ನ್ ಹಾಳೆಯ ಮೇಲೇ ಬರೆದಿಡಿ: ಯಾವ ಬಟ್ಟೆ, ಎಷ್ಟು ಎಳೆತ, ಎಲ್ಲಿ ಎಷ್ಟು ಗಿಡ್ಡ ಮಾಡಿದಿರಿ, ಕುತ್ತಿಗೆ ಪಟ್ಟಿ ಕೊನೆಗೆ ಎಷ್ಟಕ್ಕೆ ಸರಿಹೋಯಿತು. ಆ ಬಟ್ಟೆಯ ಅಂಗೈಯಗಲದ ತುಂಡೊಂದನ್ನೂ ಪಿನ್ ಮಾಡಿ. ಬೂಸ್ಟು ಹಿಡಿಯದಂತೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಕಪಾಟಿನ ಮೇಲಿನ ತಟ್ಟಿನಲ್ಲಿಡಿ. ಮುಂದಿನ ಸಲ ಅಂಗಡಿಗೆ ಹೋಗುವಾಗ ಆ ತುಂಡನ್ನು ಪರ್ಸಿನಲ್ಲಿ ಹಾಕಿಕೊಂಡು ಹೋಗಿ, ಹೊಸ ಬಟ್ಟೆಯ ಪಕ್ಕ ಹಿಡಿದು ಎಳೆದು ನೋಡಿ.